ಸಹಪಾಠಿಯ ಪಾಲು

ವಿದ್ಯೆಯ ನಾಲ್ಕು ಪಾದಗಳನ್ನು ಕುರಿತ ಸುಭಾಷಿತವೊಂದು ನಮ್ಮ ಹಿರಿಯರ ಬಾಯಲ್ಲಿ ಬಹುಕಾಲದಿಂದ ನಡೆದುಬಂದಿದೆ. ಶಿಷ್ಯನಾದವನು ವಿದ್ಯೆಯ ಒಂದು ಪಾದವನ್ನು ಆಚಾರ್ಯನಿಂದಲೂ, ಒಂದು ಪಾದವನ್ನು ತನ್ನ ಸ್ವಂತ ಮೇಧೆಯಿಂದಲೂ, ಮತ್ತೊಂದನ್ನು ಸಬ್ರಹ್ಮಚಾರಿಗಳಿಂದಲೂ, ಉಳಿದೊಂದನ್ನು ಕಾಲಕ್ರಮದಿಂದಲೂ ಪಡೆಯುವನೆಂಬುದು ಅದರ ತಾತ್ಪರ್ಯ. ಮಹಾಭಾರತದ ಉದ್ಯೋಗಪರ್ವದೊಳಗಣ ಸನತ್ಸುಜಾತೀಯದಲ್ಲಿಯೂ ಇದೇ ಭಾವವು ತುಸು ಬೇರೆಯಾದ ಮಾತುಗಳಲ್ಲಿ ಬಂದಿದೆ. ಕಾಲೇಜಿನ ವಾರ್ಷಿಕೋತ್ಸವಗಳಲ್ಲಿ ಈ ಶ್ಲೋಕವನ್ನು ಗುರುಮಹಿಮೆಯ ಸಲುವಾಗಿ ಉದಾಹರಿಸುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಆದರೆ ಗುರುವಿಗೆ ಸಲ್ಲುವುದು ನಾಲ್ಕರಲ್ಲೊಂದು ಪಾಲು ಮಾತ್ರವೆಂದು ಹೇಳುವ ಶ್ಲೋಕದಲ್ಲಿ ಗುರುಮಹಿಮೆಯನ್ನಷ್ಟೇ ಕಾಣುವುದು ಸರಿಯಾದ ವ್ಯಾಖ್ಯಾನವಾಗಲಾರದು. ಅದು ಮುಖ್ಯವಾಗಿ ಶಿಷ್ಯನನ್ನು ಕುರಿತದ್ದು. ಇಂದಿನ ವಿಶ್ವವಿದ್ಯಾಲಯದ ವಿದ್ಯಾರ್ಥಿಯು ಟ್ಯುಟೋರಿಯಲ್ ತರಗತಿಗೆ ಹೋಗಬೇಕೇ, ಹೋಗದಿದ್ದರೆ ನಷ್ಟವೇನು ಎಂಬ ಪ್ರಶ್ನೆಗೆ ನೇರವಾದ ಉತ್ತರವೂ ಅದರಲ್ಲಿದೆಯೆಂದು ನನ್ನ ನಂಬಿಕೆ.

ಮೊದಲು ಕ್ರಿಯಾಪದವನ್ನು ಗಮನಿಸಬೇಕು. ಶ್ಲೋಕಕಾರನು ಬಳಸಿರುವುದು ‘ಆದತ್ತೇ’ ಎಂಬ ರೂಪವನ್ನು. ‘ದಾ’ ಧಾತುವಿಗೆ ಕೊಡುವುದೆಂದು ಅರ್ಥ. ಅದಕ್ಕೆ ‘ಆ’ ಎಂಬ ಉಪಸರ್ಗ ಸೇರಿ ಆತ್ಮನೇಪದದಲ್ಲಿ ಬಂದೊಡನೆ ಅರ್ಥವು ತಿರುಗಿ, ತೆಗೆದುಕೊಳ್ಳುವುದೆಂದಾಗುತ್ತದೆ. ಆಚಾರ್ಯನು ಕೊಡುತ್ತಾನೆ ಎಂದು ಶ್ಲೋಕವು ಹೇಳಲಿಲ್ಲ, ಶಿಷ್ಯನು ತೆಗೆದುಕೊಳ್ಳುತ್ತಾನೆ ಎಂದಿತು. ಎಂಬತ್ತು ಮಂದಿ ಕುಳಿತ ಕೋಣೆಯಲ್ಲಿ ಅಧ್ಯಾಪಕನು ಒಂದು ಗಂಟೆಯ ಕಾಲ ನಿರರ್ಗಳವಾಗಿ ಮಾತನಾಡಿ ಹೊರಬಿದ್ದಾಗ ಕೊಡುವ ಕ್ರಿಯೆ ನಡೆದಿರುವುದು ನಿಜ. ತೆಗೆದುಕೊಳ್ಳುವ ಕ್ರಿಯೆ ನಡೆಯಿತೋ ಇಲ್ಲವೋ ಎಂಬುದು ಆತನಿಗಾಗಲಿ, ಹಲವೊಮ್ಮೆ ಕೇಳಿದವರಿಗೇ ಆಗಲಿ ತಿಳಿದಿರುವುದಿಲ್ಲ. ಅದು ತಿಳಿಯುವುದು, ವಿದ್ಯಾರ್ಥಿಯ ಬಾಯಿಂದ ಆ ವಿಷಯವು ಅವನದೇ ಮಾತಾಗಿ ಹೊರಬರಬೇಕಾದ ಸಣ್ಣ ಗುಂಪಿನ ಟ್ಯುಟೋರಿಯಲ್ ತರಗತಿಯಲ್ಲಿ.

ತೈತ್ತಿರೀಯೋಪನಿಷತ್ತಿನ ಭೃಗುವಲ್ಲಿಯಲ್ಲಿ ಇದರ ಸೊಗಸಾದ ಚಿತ್ರವಿದೆ. ಭೃಗುವು ತಂದೆಯಾದ ವರುಣನ ಬಳಿಗೆ ಹೋಗಿ ಬ್ರಹ್ಮವನ್ನು ತಿಳಿಸಿಕೊಡೆಂದು ಬೇಡಿದಾಗ, ವರುಣನು ಒಂದು ಲಕ್ಷಣವನ್ನಷ್ಟೇ ಹೇಳಿ, ತಪಸ್ಸಿನಿಂದ ಅರಿತುಕೋ ಎಂದು ಕಳುಹಿಸುತ್ತಾನೆ. ಮಗನು ಅನ್ನವೇ ಬ್ರಹ್ಮವೆಂದು ಅರಿತು ಮರಳಿ ಬರುತ್ತಾನೆ. ತಂದೆಯು ತಪ್ಪೆಂದೂ ಹೇಳುವುದಿಲ್ಲ, ಸರಿಯೆಂದೂ ಹೇಳುವುದಿಲ್ಲ. ಮತ್ತೆ ತಪಸ್ಸು ಮಾಡೆನ್ನುತ್ತಾನೆ. ಹೀಗೆ ಪ್ರಾಣ, ಮನಸ್ಸು, ವಿಜ್ಞಾನ ಎಂದು ಒಂದೊಂದು ಉತ್ತರವನ್ನು ಕಟ್ಟಿಕೊಂಡು ಬಂದು ಬಂದು, ಕಡೆಗೆ ಆನಂದವೆಂಬ ಉತ್ತರದಲ್ಲಿ ಅವನು ನೆಲೆನಿಲ್ಲುತ್ತಾನೆ. ಈ ಹೋಗಿಬರುವಿಕೆಯಲ್ಲಿ ಗುರುವು ಆಡಿದ ಮಾತು ಅತ್ಯಲ್ಪ, ಶಿಷ್ಯನು ಮಾಡಿದ ಕೆಲಸ ಅಪಾರ. ಆದರೂ ಪ್ರತಿಯೊಂದು ಸಲವೂ ಭೃಗುವು ತಂದೆಯ ಎದುರಿಗೆ ಬಂದು ನಿಂತನೆಂಬುದನ್ನು ಉಪನಿಷತ್ತು ಬಿಡದೆ ಹೇಳುತ್ತದೆ. ಕಾಡಿನಲ್ಲಿಯೇ ಕುಳಿತು ಮೊದಲನೆಯ ಉತ್ತರಕ್ಕೇ ತೃಪ್ತನಾಗಿದ್ದರೆ ಅವನು ಅನ್ನದಲ್ಲಿಯೇ ಉಳಿಯುತ್ತಿದ್ದನು. ಪುಸ್ತಕವಿದೆ, ಮೊಬೈಲಿನಲ್ಲಿ ಪಾಠವಿದೆ, ಮನೆಯಲ್ಲಿಯೇ ಓದಿಕೊಳ್ಳುವೆನೆಂದು ಹೇಳುವ ವಿದ್ಯಾರ್ಥಿಯ ಸ್ವಮೇಧೆಯನ್ನು ನಾನು ಸಂದೇಹಿಸುವುದಿಲ್ಲ. ಅವನನ್ನು ಮತ್ತೆ ಹಿಂದಕ್ಕೆ ಕಳುಹಿಸುವವರು ಯಾರು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಕಡೆ ಇಂಥ ವಿದ್ಯಾರ್ಥಿಗಳು ಕೋಟದ ಶಿವರಾಮ ಕಾರಂತರನ್ನು ಸಾಕ್ಷಿಗೆ ಕರೆಯುವುದುಂಟು. ಅವರೂ ಕಾಲೇಜು ಬಿಟ್ಟವರಲ್ಲವೇ ಎಂದು. ಬಿಟ್ಟುದು ನಿಜ, ಆದರೆ ಗಾಂಧೀಜಿಯವರ ಅಸಹಕಾರದ ಕರೆಗೆ ಓಗೊಟ್ಟು ದೇಶದ ಕೆಲಸಕ್ಕೆಂದು ಬಿಟ್ಟುದು. ಅನಂತರದ ಅವರ ಬಾಳೆಲ್ಲ ತಿರುಗಾಟ, ವಿಚಾರಣೆ, ಪ್ರಯೋಗಗಳಲ್ಲಿಯೇ ಕಳೆಯಿತು. ಯಕ್ಷಗಾನವನ್ನು ತಿಳಿಯುವುದಕ್ಕೆ ಅವರು ಭಾಗವತರ, ವೇಷಧಾರಿಗಳ, ಮದ್ದಲೆಗಾರರ ನಡುವೆ ಕುಳಿತರು, ಅವರೊಡನೆ ವಾದಿಸಿದರು, ಅವರಿಂದ ಕಲಿತರು. ಅಂಥವರು ಸಹಾಧ್ಯಾಯಿಗಳಿಲ್ಲದೆಯೇ ಬೆಳೆದರೆಂದು ಹೇಳುವುದು ಅವರ ಜೀವನವನ್ನು ಅರಿಯದ ಮಾತು.

ಹೀಗೆ ಮೂರನೆಯ ಪಾದಕ್ಕೆ ಬಂದೆವು. ಶ್ಲೋಕದ ಹೃದಯವಿರುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ‘ಸಬ್ರಹ್ಮಚಾರಿ’ ಎಂದರೆ ಕೇವಲ ಪಕ್ಕದ ಬೆಂಚಿನವನಲ್ಲ. ಒಂದೇ ವೇದಶಾಖೆಯನ್ನು ಅಧ್ಯಯನ ಮಾಡುವ ವ್ರತದಲ್ಲಿ ಜೊತೆಯಾಗಿ ನಿಂತವನು. ವ್ರತವೆಂಬ ಭಾವವು ಆ ಪದದೊಳಗೇ ಇದೆ. ಶಿಷ್ಯನು ಈ ಪಾದವನ್ನು ಸಬ್ರಹ್ಮಚಾರಿಗಳಿಂದ ಪಡೆಯುವನೆಂದ ಮೇಲೆ, ಅವನೂ ಇತರರಿಗೆ ಸಬ್ರಹ್ಮಚಾರಿಯೇ ಆಗಿರುವುದರಿಂದ, ಅವರಿಗೆ ಸಲ್ಲಬೇಕಾದ ಪಾಲು ಅವನ ಬಳಿಯೂ ಇರುತ್ತದೆ. ಉಳಿದ ಪಾದಗಳ ವಿಷಯದಲ್ಲಿ ಉದಾಸೀನನಾದವನು ತನ್ನದನ್ನು ತಾನು ಕಳೆದುಕೊಳ್ಳುತ್ತಾನೆ. ಈ ಪಾದದಲ್ಲಿ ಉದಾಸೀನನಾದವನು ಪರರದ್ದನ್ನು ಕಳೆಯುತ್ತಾನೆ. ಎಂಬತ್ತು ಜನರ ಉಪನ್ಯಾಸದಲ್ಲಿ ಒಬ್ಬನು ಇಲ್ಲದಿದ್ದರೆ ಉಳಿದವರಿಗೆ ಅದರ ಅರಿವೂ ಆಗದು. ಆರು ಮಂದಿಯ ಗುಂಪಿನಲ್ಲಿ ಒಬ್ಬನು ಬಾರದಿದ್ದರೆ ಐವರ ಪಾಲಿನಲ್ಲಿ ಕೊರತೆ ಬೀಳುತ್ತದೆ.

ಆರು ಎಂಬ ಸಂಖ್ಯೆ ನನ್ನ ಕಲ್ಪನೆಯಲ್ಲ. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಡಾ. ರಾಧಾಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ವಿಶ್ವವಿದ್ಯಾಲಯ ಶಿಕ್ಷಣ ಆಯೋಗವು, ಟ್ಯುಟೋರಿಯಲ್ ಗುಂಪು ಆರು ಮಂದಿಯನ್ನು ಮೀರಬಾರದೆಂದೂ, ಅದು ಎಲ್ಲ ಪದವಿ ವಿದ್ಯಾರ್ಥಿಗಳಿಗೂ ದೊರೆಯಬೇಕೆಂದೂ, ಪರೀಕ್ಷೆಯ ತಯಾರಿಯ ಮಟ್ಟಕ್ಕೆ ಇಳಿಯಬಾರದೆಂದೂ ಸಲಹೆ ಮಾಡಿತ್ತು. ನಡೆದುದು ಬೇರೆ. ನಮ್ಮ ಪೇಟೆಗಳಲ್ಲಿ ‘ಟ್ಯುಟೋರಿಯಲ್’ ಎಂದರೆ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ನಪಾಸಾದವರು ಸೇರುವ ಖಾಸಗಿ ಪಾಠಶಾಲೆಯೆಂಬ ಅರ್ಥವೇ ರೂಢವಾಯಿತು. ಕಾಲೇಜಿನ ವೇಳಾಪಟ್ಟಿಯಲ್ಲಿ ಅದೇ ಹೆಸರು ಕಂಡಾಗ ಹುಡುಗರು ಅದನ್ನು ಹಗುರವಾಗಿ ಕಂಡುದರಲ್ಲಿ ಈ ರೂಢಿಯ ಪಾತ್ರವೂ ಇದ್ದಿರಬೇಕು. ನಾನೂ ನಿರಪರಾಧಿಯಲ್ಲ. ಕರಾವಳಿಯ ಕಾಲೇಜೊಂದರಲ್ಲಿ ಕನ್ನಡ ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ, ಮುಗಿಯದ ಪಠ್ಯಭಾಗಕ್ಕೆ ನೋಟ್ಸ್ ಬರೆಯಿಸಲು ಆ ಗಂಟೆಯನ್ನು ಎಷ್ಟೋ ಸಲ ಬಳಸಿಕೊಂಡೆನು. ಅಂಥ ತರಗತಿಗೆ ಬಾರದವನನ್ನು ಗದರಿಸುವ ಅಧಿಕಾರ ನನಗಿರಲಿಲ್ಲವೆಂದು ಈಗ ಅನಿಸುತ್ತದೆ. ನೂರಕ್ಕೆ 75ರ ಹಾಜರಿಯ ನಿಯಮವು ವಿದ್ಯಾರ್ಥಿಯ ದೇಹವನ್ನು ಕೋಣೆಗೆ ತಂದೀತು. ‘ಆದತ್ತೇ’ ಎಂಬ ಕ್ರಿಯೆಗೆ ಅಲ್ಲಿ ಎಡೆಯಿರಬೇಕಾದುದು ಅಧ್ಯಾಪಕನ ಹೊಣೆ.

ಈ ಹೊಣೆಯನ್ನು ನನಗೆ ಮನಗಾಣಿಸಿದುದು ನಮ್ಮೂರ ಕಡೆಯ ಒಂದು ಪ್ರಸಂಗ. ನಮ್ಮೂರಾದ ಸಿದ್ದಾಪುರವು ಕುಂದಾಪುರದಿಂದ ಬಾಳೆಬರೆ ಘಾಟಿಗೆ ಏರುವ ದಾರಿಯಲ್ಲಿ, ಘಟ್ಟದ ಬುಡದಲ್ಲಿದೆ. ಪಕ್ಕದ ಶಂಕರನಾರಾಯಣದಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬರುವುದಕ್ಕೆ ಮುಂಚೆ, ಇಲ್ಲಿಯ ಮಕ್ಕಳಿಗೆ ಪದವಿಯ ಓದೆಂದರೆ ಬಹುಮಟ್ಟಿಗೆ ಕುಂದಾಪುರವೇ, ಎಂದರೆ 1963ರಲ್ಲಿ ಆರಂಭವಾದ ಭಂಡಾರ್ಕರ್ಸ್ ಕಾಲೇಜೇ ಆಗಿತ್ತು. ಈಗಲೂ ಬೇಕಾದ ವಿಷಯವನ್ನರಸಿ ದೂರ ಹೋಗುವವರಿದ್ದಾರೆ. ನಾನು ಪಾಠ ಹೇಳುತ್ತಿದ್ದಲ್ಲಿಗೂ ಈ ಕಡೆಯ ಹುಡುಗಿಯೊಬ್ಬಳು ಬರುತ್ತಿದ್ದಳು. ಟ್ಯುಟೋರಿಯಲ್ ಇದ್ದುದು ಕೊನೆಯ ಗಂಟೆಯಲ್ಲಿ. ಅವಳು ವಾರವಾರವೂ ತಪ್ಪಿಸುತ್ತಿದ್ದಳು. ಕರೆದು ಕೇಳಿದಾಗ ತಲೆತಗ್ಗಿಸಿ, “ಬಸ್ ತಪ್ರೆ ಮನಿಗ್ ಹೋಪುದ್ ಹ್ಯಾಂಗ್ ಸಾರ್?” ಎಂದಳು. ಆಷಾಢದ ಮಳೆಯಲ್ಲಿ, ಬಸ್ಸಿಳಿದ ಮೇಲೆ ತೋಟದ ಸಂಕ ದಾಟಿ ನಡೆಯಬೇಕಾದ ದಾರಿಯನ್ನು ಬಲ್ಲ ನನಗೆ ಮುಂದೆ ಮಾತು ಹೊರಡಲಿಲ್ಲ. ಮರುವಾರದಿಂದ ಆ ಗುಂಪನ್ನು ಬೆಳಗಿನ ಎರಡನೆಯ ಗಂಟೆಗೆ ಬದಲಾಯಿಸಿಕೊಂಡೆನು. ಇನ್ನೊಬ್ಬ ಅಧ್ಯಾಪಕರು ತಮ್ಮ ಗಂಟೆಯನ್ನು ಬಿಟ್ಟುಕೊಟ್ಟ ಉಪಕಾರದಿಂದ ಅದು ಸಾಧ್ಯವಾಯಿತು.

ಹೊಸ ವೇಳೆಯಲ್ಲಿ ಅವಳೂ ಬಂದಿದ್ದ ಒಂದು ದಿನದ ವಿಷಯ ಪಂಪನ ಕರ್ಣ. ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡು ಕಾವ್ಯವನ್ನು ಕಟ್ಟಿದ ಕವಿ, ಭಾರತದಲ್ಲಿ ನೆನೆಯುವುದಾದರೆ ಕರ್ಣನನ್ನು ನೆನೆಯಿರೆಂಬ ಭಾವದ ಮಾತನ್ನಾಡಿದುದೇಕೆಂದು ಕೇಳಿದ್ದೆ. ಗುಂಪಿನ ಉಳಿದ ಐವರೂ ಉಪನ್ಯಾಸದಲ್ಲಿ ನಾನು ಹೇಳಿದುದನ್ನೇ ತಿರುಗಿಸಿ ಹೇಳಿದರು: ತ್ಯಾಗ, ಸ್ವಾಮಿನಿಷ್ಠೆ, ದುರಂತ. ಬಹಳ ಹೊತ್ತು ಸುಮ್ಮನಿದ್ದು ಆಕೆ ಬಾಯ್ದೆರೆದಳು. ಅವಳ ತಂದೆ ಹವ್ಯಾಸಿ ಅರ್ಥಧಾರಿ. ಮಳೆಗಾಲದ ಇರುಳುಗಳಲ್ಲಿ ಊರ ಜಗಲಿಗಳ ತಾಳಮದ್ದಲೆಗೆ ಹೋಗುವವರು. ‘ಕರ್ಣಭೇದನ’ದಲ್ಲಿ ಕೃಷ್ಣನ ಅರ್ಥ ಹೇಳುವಾಗ, ಜನ್ಮರಹಸ್ಯವನ್ನು ತಿಳಿಸಿ ರಾಜ್ಯದ ಆಸೆಯನ್ನೊಡ್ಡಿದ ಮೇಲೂ ಕರ್ಣನು ಒಲ್ಲೆನೆಂದಾಗ, ಎದುರಿನವರು ಎಷ್ಟು ಎಳೆದರೂ ಅವರು ಪ್ರತಿಮಾತನಾಡದೆ ಸ್ವಲ್ಪ ಹೊತ್ತು ಮೌನವಾಗಿ ಕುಳಿತುಬಿಡುವರಂತೆ. ಯಾಕಪ್ಪಾ ಎಂದು ಅವಳು ಕೇಳಿದ್ದಕ್ಕೆ, ಅಲ್ಲಿ ಕೃಷ್ಣನ ಹತ್ತಿರ ಬೇರೆ ಮಾತಿಲ್ಲ ಮಗಾ ಎಂದಿದ್ದರಂತೆ. ಪಂಪನಿಗೂ ಹಾಗೆಯೇ ಆಗಿರಬಹುದೇ, ದೊರೆಯ ಪಕ್ಷದಲ್ಲಿ ನಿಂತು ಹೇಳುವುದೆಲ್ಲವನ್ನೂ ಹೇಳಿ ಮುಗಿಸಿದ ಮೇಲೂ ಕರ್ಣನ ಮುಂದೆ ಮಾತು ಸಾಲದೆ ಹೋಗಿರಬಹುದೇ, ಎಂದು ಆಕೆ ಕೇಳಿದಳು.

ತಾಳಮದ್ದಲೆಯಲ್ಲಿ ಭಾಗವತರು ಪದ್ಯವನ್ನು ಹಾಡಿ ನಿಲ್ಲಿಸುತ್ತಾರೆ. ಅರ್ಥಧಾರಿಯು ಅದನ್ನು ತನ್ನ ಮಾತಿನಲ್ಲಿ ಬಿಡಿಸಬೇಕು, ಎದುರಾಳಿಯ ಪ್ರಶ್ನೆಗೆ ಅಲ್ಲಿಯೇ ಉತ್ತರ ಹುಡುಕಬೇಕು. ಎಳೆಯನಿಗೆ ಮೊದಲು ಸಣ್ಣ ಪಾತ್ರವನ್ನು ಕೊಟ್ಟು, ಅನುಭವಿಗಳ ಮಗ್ಗುಲಲ್ಲಿ ಕುಳ್ಳಿರಿಸುತ್ತಾರೆ. ಇದಕ್ಕಿಂತ ಉತ್ತಮವಾದ ಟ್ಯುಟೋರಿಯಲ್ ಪದ್ಧತಿಯನ್ನು ನಾನು ಕಂಡಿಲ್ಲ. ಸಭೆಯಲ್ಲಿ ಕುಳಿತು ನೂರು ಪ್ರಸಂಗ ಕೇಳಿದವನೂ ಅರ್ಥಕ್ಕೆ ಕುಳಿತ ಮೊದಲ ಇರುಳು ತಡವರಿಸುತ್ತಾನೆ. ಆ ತಡವರಿಕೆಯಲ್ಲಿಯೇ ಅವನ ಕಲಿಕೆ ತೊಡಗುತ್ತದೆ. ಆ ಹುಡುಗಿ ಬಾರದಿದ್ದ ವಾರಗಳಲ್ಲಿ ಆ ಐವರು ಏನೇನನ್ನು ಕಳೆದುಕೊಂಡಿದ್ದರೋ ಎಂದು ಅಂದು ಮನಸ್ಸು ನೊಂದಿತು. ಪಂಪಭಾರತವನ್ನು ಎಷ್ಟೋ ವರ್ಷ ಬೋಧಿಸಿದ್ದ ನನಗೂ ಆ ಪ್ರಶ್ನೆ ಹೊಳೆದಿರಲಿಲ್ಲ.

ನಾಲ್ಕನೆಯ ಪಾದವಾದ ಕಾಲಕ್ರಮವನ್ನು ನೆಚ್ಚಿ, ಈಗ ಬಾರದಿದ್ದರೇನು, ಮುಂದೆ ಬದುಕೇ ಕಲಿಸೀತೆಂದು ಹೇಳುವವರಿಗೆ ಒಂದೇ ಮಾತು: ಕಾಲವು ಉತ್ತರವನ್ನು ತಂದುಕೊಡಬಹುದು, ಆದರೆ ಪ್ರಶ್ನೆಯನ್ನು ಹೊತ್ತುಕೊಂಡು ಹೋದವರಿಗೆ ಮಾತ್ರ. ಆ ಐವರಲ್ಲಿ ಒಬ್ಬನು, ಈಗ ಘಟ್ಟದ ಮೇಲೆ ಶಾಲಾ ಮಾಸ್ತರನಾಗಿರುವವನು, ಮೊನ್ನೆ ಕಮಲಶಿಲೆಗೆ ಬಂದವನು ನಮ್ಮ ಮನೆಗೂ ಬಂದಿದ್ದನು. ಜಗಲಿಯಲ್ಲಿ ಕುಳಿತು, ಬೆಲ್ಲ ನೀರು ಕುಡಿದು, ಕುಶಲಪ್ರಶ್ನೆಯೆಲ್ಲ ಮುಗಿದ ಮೇಲೆ, ಆಕೆಯ ತಂದೆಯವರು ಈಗಲೂ ಅರ್ಥ ಹೇಳುವರೇ ಎಂದು ವಿಚಾರಿಸಿದನು. ಹೇಳುತ್ತಾರೆ, ಸ್ವರ ತುಸು ತಗ್ಗಿದೆ ಎಂದೆ. ಈ ಸಲದ ಮಳೆಗಾಲದಲ್ಲಿ ‘ಕರ್ಣಭೇದನ’ವಿದ್ದರೆ ಮುಂಚಿತವಾಗಿ ತಿಳಿಸಿ ಸಾರ್, ರಜೆ ಹಾಕಿ ಬರುತ್ತೇನೆ ಎಂದು ಹೇಳಿ, ನನ್ನ ಡೈರಿಯಲ್ಲಿ ತನ್ನ ಫೋನ್ ನಂಬರನ್ನು ತಾನೇ ಬರೆದಿಟ್ಟು ಹೋದನು.