ಕಾವಲಿಗೆ ಬಂದವರ ಕಾಯಕ

ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ಉಳ್ಳಾರ್ತಿ ಎಂಬ ಹೆಸರುಗಳು ಇಪ್ಪತ್ತು ವರ್ಷಗಳ ಹಿಂದೆ ಕುರಿಗಾಹಿಗಳಿಗೆ, ದನದ ವ್ಯಾಪಾರಿಗಳಿಗೆ ಗೊತ್ತಿದ್ದವು. ಈಗ ದೇಶದ ವಿಜ್ಞಾನಿಗಳಿಗೆಲ್ಲ ಗೊತ್ತು. ಡಿಆರ್‌ಡಿಒ ಎಂಬ ರಕ್ಷಣಾ ಸಂಶೋಧನಾ ಸಂಸ್ಥೆಯ ವೈಮಾನಿಕ ಪರೀಕ್ಷಾ ನೆಲೆ 2017ರ ಮೇ 28ರಂದು ಇಲ್ಲಿ ಉದ್ಘಾಟನೆಯಾಯಿತು. ಅದಕ್ಕೂ ಮೊದಲೇ, 2016ರ ನವೆಂಬರ್‌ನಲ್ಲಿ, ರುಸ್ತುಂ-2 ಎಂಬ ಚಾಲಕರಹಿತ ವಿಮಾನ ಇಲ್ಲಿನ ಓಡುದಾರಿಯಿಂದ ಮೊದಲ ಬಾರಿ ಮೇಲೇರಿತ್ತು. 2023ರ ಏಪ್ರಿಲ್ 2ರ ಬೆಳಗಿನ ಜಾವ ಹೆಲಿಕಾಪ್ಟರೊಂದು ಇಸ್ರೊದ ಮರುಬಳಕೆಯ ರಾಕೆಟ್ ಮಾದರಿಯನ್ನು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟಾಗ, ಅದು ತಾನೇ ದಾರಿ ಹುಡುಕಿಕೊಂಡು ಬಂದು ಇಳಿದದ್ದೂ ಇದೇ ಓಡುದಾರಿಯ ಮೇಲೆ.

ಇಂಥ ಜಾಗಕ್ಕೆ ಕೆಲಸಕ್ಕಾಗಿ ಬರುವವರು ಬಹಳ ಬಗೆಯವರು. ಬೆಂಗಳೂರಿನಿಂದ ಬದಲಿಯಾಗಿ ಬರುವ ಎಂಜಿನಿಯರ್, ಬಿಹಾರದಿಂದ ಬರುವ ಗಾರೆ ಕೆಲಸದವರು, ಗೇಟಿನಲ್ಲಿ ನಿಲ್ಲುವ ಭದ್ರತಾ ಸಿಬ್ಬಂದಿ, ಕ್ಯಾಂಟೀನಿನ ಅಡುಗೆಯವರು, ಇವರನ್ನೆಲ್ಲ ನಂಬಿಕೊಂಡು ನಾಯಕನಹಟ್ಟಿಯಲ್ಲಿ ಅಂಗಡಿ ಹಾಕುವವರು. ಮೊದಲ ತಿಂಗಳುಗಳಲ್ಲಿ ಇವರ ಪ್ರಶ್ನೆಗಳೆಲ್ಲ ಸಂಸಾರದವು. ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಬಾಡಿಗೆ ಮನೆಗೆ ಅಡ್ವಾನ್ಸ್ ಎಷ್ಟು, ಮಗುವನ್ನು ಸೇರಿಸಲು ಶಾಲೆ ಚಳ್ಳಕೆರೆಯಲ್ಲೋ ಚಿತ್ರದುರ್ಗದಲ್ಲೋ. ಮಳೆ ಕಡಿಮೆಯಿರುವ ಈ ಸೀಮೆಯಲ್ಲಿ ನೀರಿನ ಪ್ರಶ್ನೆಯೇ ಎಷ್ಟೋ ತಿಂಗಳು ತಲೆ ತಿನ್ನುತ್ತದೆ. ಸಂಸಾರ ಒಂದು ಹದಕ್ಕೆ ಬಂದ ಮೇಲೆ, ಯೋಚಿಸುವ ಮನಸ್ಸುಳ್ಳವರಲ್ಲಿ ಇನ್ನೊಂದು ಪ್ರಶ್ನೆ ಏಳುತ್ತದೆ. ತಾನು ಮಾಡುತ್ತಿರುವ ಕೆಲಸದ ಕೊನೆಯಲ್ಲಿ ಇರುವುದು ಯುದ್ಧ. ಈ ಅನ್ನ ತಿನ್ನಬಹುದೇ?

ಇದು ಹಳೆಯ ಪ್ರಶ್ನೆ. ನಮ್ಮ ಧರ್ಮಪರಂಪರೆಗಳು ಇದನ್ನು ತಪ್ಪಿಸಿಕೊಂಡು ಹೋಗಿಲ್ಲ. ಅಂಗುತ್ತರ ನಿಕಾಯದಲ್ಲಿ ಬುದ್ಧ ಉಪಾಸಕರಿಗೆ ಐದು ವ್ಯಾಪಾರಗಳನ್ನು ನಿಷೇಧಿಸುತ್ತಾನೆ. ಪ್ರಾಣಿಗಳು, ಮಾಂಸ, ಮದ್ಯ, ವಿಷಗಳಿಗಿಂತ ಮೊದಲೇ ಬರುವುದು ಆಯುಧದ ವ್ಯಾಪಾರ. ಜೈನರು ಇನ್ನೂ ಸೂಕ್ಷ್ಮವಾಗಿ ಎಳೆ ಬಿಡಿಸಿದರು. ಬೇಕೆಂದೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಮನೆವಾರ್ತೆಯಲ್ಲಿ ಆಗುವುದು ಆರಂಭೀ. ಜೀವನೋಪಾಯದಲ್ಲಿ ಆಗುವುದು ಉದ್ಯೋಗೀ. ತನ್ನನ್ನೋ ತನ್ನವರನ್ನೋ ಕಾಯುವಾಗ ಆಗುವುದು ವಿರೋಧೀ. ಗೃಹಸ್ಥ ಪೂರ್ತಿಯಾಗಿ ಬಿಡಲೇಬೇಕಾದದ್ದು ಮೊದಲನೆಯದನ್ನು. ಉಳಿದವುಗಳಲ್ಲಿ ಎಚ್ಚರವಿರಬೇಕು. ಶ್ರವಣಬೆಳಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಗಂಗರ ದಂಡನಾಯಕ ಎಂಬುದನ್ನು ಮರೆಯಬಾರದು. ಗೆದ್ದ ರಾಜ್ಯವನ್ನು ಅಲ್ಲೇ ಬಿಟ್ಟು ನಡೆದ ಬಾಹುಬಲಿಯನ್ನು ಕಲ್ಲಿನಲ್ಲಿ ಕಾಣಬೇಕೆಂದು ಹಂಬಲಿಸಿದವನು ಯುದ್ಧ ಮಾಡಿ ಬದುಕಿದವನೇ. ಆ ವಿಗ್ರಹದ ಮುಂದೆ ನಿಂತಾಗ ಈ ಎಳೆ ಬಿಡಿಸುವ ಕೆಲಸ ಬರೀ ಶಾಸ್ತ್ರಚರ್ಚೆಯಾಗಿ ಉಳಿಯುವುದಿಲ್ಲ.

ಭಗವದ್ಗೀತೆಯನ್ನು ಎತ್ತಿ ಹೇಳುವವರು ಹೆಚ್ಚು. ಫಲದ ಆಸೆ ಬಿಟ್ಟು ಕೆಲಸ ಮಾಡು ಎಂಬ ಮಾತು ಕಚೇರಿಗಳ ಗೋಡೆಯ ಮೇಲೂ ಇರುತ್ತದೆ. ಆದರೆ ಅರ್ಜುನನ ಸಂಕಟ ಬೇರೆಯದು. ತಾನು ಯಾರ ಮೇಲೆ ಬಾಣ ಬಿಡಬೇಕೋ ಅವರ ಮುಖವನ್ನು ಅವನು ಎದುರಿಗೇ ಕಾಣುತ್ತಿದ್ದ. ಪರೀಕ್ಷಾ ನೆಲೆಯಲ್ಲಿ ಸಂಕೇತಗಳ ಅಂಕಿ ನೋಡುತ್ತ ಕೂತ ಎಂಜಿನಿಯರ್‌ಗೆ ಯಾರ ಮುಖವೂ ಕಾಣುವುದಿಲ್ಲ. ಕಾಣದಿರುವುದರಿಂದ ಸಂಕಟ ಕಡಿಮೆಯಾಗಬಹುದು, ಹೊಣೆ ಕಡಿಮೆಯಾಗುತ್ತದೆಯೇ ಎಂಬುದೇ ಅನುಮಾನ.

ಈ ಪ್ರಶ್ನೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಗಂಭೀರವಾಗಿ ಎದುರಿಸಿದವರಲ್ಲಿ ಭೌತವಿಜ್ಞಾನಿ ಜೋಸೆಫ್ ರಾಟ್‌ಬ್ಲಾಟ್ ಒಬ್ಬರು. ಅಣುಬಾಂಬ್ ತಯಾರಾಗುತ್ತಿದ್ದ ಅಮೆರಿಕದ ಲಾಸ್ ಅಲಮೋಸ್‌ಗೆ ಅವರು ಬಂದದ್ದು ಹಿಟ್ಲರನ ಕೈಗೆ ಬಾಂಬ್ ಮೊದಲು ಸಿಗಬಾರದೆಂದು. ಜರ್ಮನಿ ಆ ಯತ್ನ ಬಿಟ್ಟಿದೆ ಎಂದು ಗೊತ್ತಾದಾಗ, 1944ರ ಕೊನೆಗೆ, ಕೆಲಸ ಬಿಟ್ಟು ಹೊರಟರು. 1995ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅವರ ಹೆಸರು ಉಳಿದಿದೆ, ಉಳಿಯಬೇಕಾದದ್ದೇ. ಆದರೆ ಅದೇ ಲಾಸ್ ಅಲಮೋಸ್‌ನ ಗುಡ್ಡದ ಮೇಲೆ ಹುರುಳಿ ಬೆಳೆಯುತ್ತಿದ್ದ ಸಣ್ಣ ಒಕ್ಕಲುಗಳನ್ನು ಪ್ರಯೋಗಾಲಯಕ್ಕಾಗಿ ಎಬ್ಬಿಸಿದ್ದರು. ಪಕ್ಕದ ಪ್ಯೂಬ್ಲೊ ಹಳ್ಳಿಗಳ ಮೂಲನಿವಾಸಿಗಳು ವಿಜ್ಞಾನಿಗಳ ಮನೆಗೆಲಸಕ್ಕೆ ಬಸ್ಸಿನಲ್ಲಿ ಬಂದು ಹೋಗುತ್ತಿದ್ದರು. ಅಣುಬಾಂಬಿನ ನೀತಿಯ ಬಗ್ಗೆ ಬರೆದ ಪುಸ್ತಕಗಳು ಕಪಾಟುಗಟ್ಟಲೆ ಇವೆ. ಆ ಒಕ್ಕಲುಗಳ ಮಾತು ಅವುಗಳಲ್ಲಿ ಅಪರೂಪ.

ಚಳ್ಳಕೆರೆಯ ಮಟ್ಟಿಗೆ ಮುಖ್ಯವಾದ ಮಾತು ಇಲ್ಲಿದೆ. ಕೈ ಏನು ಮಾಡುತ್ತದೆ ಎಂದು ಕೇಳುವುದನ್ನು ನಾವು ಚೆನ್ನಾಗಿ ಕಲಿತಿದ್ದೇವೆ. ಕಾಲು ಯಾರ ನೆಲದ ಮೇಲೆ ನಿಂತಿದೆ ಎಂದು ಕೇಳುವುದನ್ನು ಅಷ್ಟು ಕಲಿತಿಲ್ಲ. ಕೆಲಸಕ್ಕಾಗಿ ಊರು ಬಿಟ್ಟು ಬಂದವನಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಹತ್ತಿರದ್ದು, ಏಕೆಂದರೆ ಅದರ ಉತ್ತರ ಅವನ ಬಾಡಿಗೆ ಮನೆಯ ಓಣಿಯಲ್ಲೇ ಓಡಾಡಿಕೊಂಡಿರುತ್ತದೆ.

ಈ ನೆಲ ಅಮೃತಮಹಲ್ ಕಾವಲು. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ 'ಬೆಣ್ಣೆ ಚಾವಡಿ' ಎಂದಿದ್ದ ದನಗಳ ಇಲಾಖೆಗೆ ಟಿಪ್ಪು 'ಅಮೃತಮಹಲ್' ಎಂಬ ಹೆಸರಿಟ್ಟ. ಹೈದರಾಲಿ ಎರಡೂವರೆ ದಿನಗಳಲ್ಲಿ ನೂರು ಮೈಲಿ ನಡೆದು ಚಿದಂಬರದ ಕಡೆಗೆ ದಂಡು ಒಯ್ದದ್ದು ಈ ಎತ್ತುಗಳ ಬಲದಿಂದ ಎಂದು ಮೈಸೂರು ಗೆಜೆಟಿಯರ್ ಹೇಳುತ್ತದೆ. ಹಾಗಾಗಿ ದಂಡಿಗೂ ಈ ಬಯಲಿಗೂ ನಂಟು ಹೊಸದಲ್ಲ. ತೋಪು ಎಳೆಯುವ ಎತ್ತುಗಳಿಗಾಗಿ ಅರಸರು ಮೀಸಲಿಟ್ಟ ಹುಲ್ಲುಗಾವಲೇ ಇದು. ಒಂದು ವ್ಯತ್ಯಾಸವಿದೆ, ಅದು ಸಣ್ಣದಲ್ಲ. ಎತ್ತಿಗೆ ಮೀಸಲಾದ ಬಯಲು ಬಯಲಾಗಿಯೇ ಉಳಿಯುತ್ತಿತ್ತು. ಸರ್ಕಾರದ ದನ ಮೇದ ಮೇಲೆ ಊರ ದನಕ್ಕೂ ಕುರಿಗೂ ಹುಲ್ಲು ಸಿಗುತ್ತಿತ್ತು. ತೋಳಕ್ಕೆ, ಕೃಷ್ಣಮೃಗಕ್ಕೆ ಜಾಗವಿತ್ತು. ಚಳ್ಳಕೆರೆಯ ಹೆಸರಾಂತ ಕಂಬಳಿ ನೇಯುವವರ ಮಗ್ಗಕ್ಕೆ ಉಣ್ಣೆ ಬರುತ್ತಿದ್ದುದೂ ಇಂಥ ಬಯಲುಗಳಲ್ಲಿ ಮೇದ ಕುರಿಗಳಿಂದ.

2010ರ ಆಸುಪಾಸಿನಲ್ಲಿ ಸರ್ಕಾರ ಈ ಕಾವಲುಗಳನ್ನು ಹಂಚಿತು. ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೊಗೆ 573. ಗೋಡೆ ಎದ್ದಿತು. ತಮ್ಮನ್ನು ಯಾರೂ ಒಂದು ಮಾತೂ ಕೇಳಲಿಲ್ಲ ಎಂಬುದು ಸುತ್ತಲ ಊರುಗಳವರ ದೂರು. ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು, ಯೋಜನೆಗಳು ಮುಂದುವರಿದವು.

ಗೋಡೆಯ ಹೊರಗೆ ಉಳಿದವರಲ್ಲಿ ದೇವರ ಎತ್ತುಗಳೂ ಇವೆ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮ್ಯಾಸನಾಯಕರಿಗೂ ಕಾಡುಗೊಲ್ಲರಿಗೂ ದನವೇ ದೈವ. ಅವರು ಪೂಜಿಸುವ ಗಾದ್ರಿಪಾಲನಾಯಕ, ಜುಂಜಪ್ಪ, ಎತ್ತಪ್ಪ ಎಲ್ಲರೂ ದನ ಕಾಯ್ದು ದೇವರಾದ ವೀರರು. ದೇವರಿಗೆ ಬಿಟ್ಟ ಎತ್ತನ್ನು ನೇಗಿಲಿಗೆ ಹೂಡುವುದಿಲ್ಲ, ಸಂತೆಯಲ್ಲಿ ಮಾರುವುದಿಲ್ಲ. ಸತ್ತರೆ ಪೂಜೆ ಮಾಡಿ ಮಣ್ಣು ಮಾಡುತ್ತಾರೆ. ಇವುಗಳನ್ನು ನೋಡಿಕೊಳ್ಳುವವನು ಕಿಲಾರಿ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಬೂದು ಬಣ್ಣದ ಮೈ, ಹಿಂದಕ್ಕೆ ಬಾಗಿ ಮತ್ತೆ ಮೇಲಕ್ಕೆ ಚಾಚಿದ ಚೂಪು ಕೊಂಬಿನ ಹಿಂಡು ಅವನ ಒಂದು ಕೂಗಿಗೆ ತಿರುಗುತ್ತದೆ. ಈ ಎತ್ತು ಯಾರ ಆಸ್ತಿಯೂ ಅಲ್ಲ. ಅದರಿಂದ ಯಾರಿಗೂ ಆದಾಯವಿಲ್ಲ. ಅದಕ್ಕೆ ಬೇಕಾದದ್ದು ಬಯಲು ಮಾತ್ರ. ಬರ ಬಂದಾಗ ಹಟ್ಟಿಯವರು ಮೇವಿಗಾಗಿ ದಾನಿಗಳ ಮುಂದೆ ಕೈಯೊಡ್ಡುತ್ತಾರೆ. ಒಂದು ಸಮುದಾಯ ತನ್ನ ದೇವರಿಗೆ ಹುಲ್ಲು ಬೇಡಬೇಕಾಗಿ ಬಂದರೆ ಅದನ್ನು ಪಶುಸಂಗೋಪನಾ ಇಲಾಖೆಯ ಸಮಸ್ಯೆ ಎಂದಷ್ಟೇ ತಿಳಿಯುವುದು ಸಾಲದು. ಅಲ್ಲಿ ಧರ್ಮಕ್ಕೇ ಪೆಟ್ಟು ಬಿದ್ದಿದೆ.

ಕೆಲಸಕ್ಕೆ ಬಂದ ತರುಣನಿಗೆ ಇದರಲ್ಲಿ ಏನು ಹೊಣೆ ಎಂದು ಯಾರಾದರೂ ಕೇಳಬಹುದು. ಹಂಚಿದ್ದು ಸರ್ಕಾರ, ಗೋಡೆ ಕಟ್ಟಿಸಿದ್ದು ಸಂಸ್ಥೆ, ಅವನು ಅರ್ಜಿ ಹಾಕಿ ಪಾಸಾಗಿ ಬಂದವನು. ದೇಶಕ್ಕೆ ರಕ್ಷಣೆ ಬೇಡವೇ ಎಂಬುದೂ ನ್ಯಾಯವಾದ ಮಾತೇ. ಗಡಿಯಲ್ಲಿ ನಿಂತವರಿಗೆ ಒಳ್ಳೆಯ ಉಪಕರಣ ಕೊಡದೆ ಅಹಿಂಸೆಯ ಮಾತಾಡುವುದು ಸುಲಭ. ಅದರ ಬೆಲೆ ತೆರುವವರು ಬೇರೆಯವರು. ಹಾಗೆಯೇ ಪರೀಕ್ಷೆಯ ಬೆಲೆ ತೆರುವವರೂ ಇದ್ದಾರೆ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಜೋಡಿಚಿಕ್ಕೇನಹಳ್ಳಿಯ ಬಳಿ ಅಡಿಕೆ ತೋಟಕ್ಕೆ ಬಿತ್ತು. 2023ರ ಆಗಸ್ಟ್‌ನಲ್ಲಿ ಅದೇ ಮಾದರಿಯ ವಿಮಾನ, ತಪಸ್ ಎಂಬ ಹೊಸ ಹೆಸರಿನಲ್ಲಿ, ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿತ್ತು. ಎರಡು ಸಲವೂ ಯಾರ ಪ್ರಾಣಕ್ಕೂ ಅಪಾಯವಾಗಲಿಲ್ಲ. ಜನ ಓಡಿ ಬಂದು ಮುರಿದ ರೆಕ್ಕೆಯ ಸುತ್ತ ನಿಂತರು. ವಿಜ್ಞಾನದಲ್ಲಿ ಸೋಲು ಸಹಜ. ಆ ಸೋಲು ಬೀಳುವುದು ಯಾರ ಹೊಲದಲ್ಲಿ ಎಂಬುದನ್ನು ಮಾತ್ರ ನೆನಪಿಡಬೇಕು.

ಇಲ್ಲಿ ನೆರವಿಗೆ ಬರುವುದು ಶರಣರ ಕಾಯಕತತ್ವ. ಶರಣರಲ್ಲಿ ಬಹಳ ಜನ ಊರು ಬಿಟ್ಟು ಬಂದು ದುಡಿದವರು. ಆಯ್ದಕ್ಕಿ ಮಾರಯ್ಯ, ಅವನ ಹೆಂಡತಿ ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಮೋಳಿಗೆಯ ಮಾರಯ್ಯ ಕಾಶ್ಮೀರದ ರಾಜ್ಯ ಬಿಟ್ಟು ಬಂದು ಕಟ್ಟಿಗೆ ಮಾರಿದನೆಂದು ಐತಿಹ್ಯ. ಅವರೆಲ್ಲ ಬಂದು ಸೇರಿದ ಕಲ್ಯಾಣ ಬಿಜ್ಜಳನ ರಾಜಧಾನಿ. ದಂಡು, ಕುದುರೆ, ಭಂಡಾರ ಎಲ್ಲ ಇದ್ದ ಪಟ್ಟಣ. ಅಧಿಕಾರದ ನೆರಳಿನಲ್ಲಿ ನಿಂತು ಶುದ್ಧವಾಗಿ ದುಡಿಯುವುದು ಹೇಗೆ ಎಂಬುದು ಅವರಿಗೆ ದಿನನಿತ್ಯದ ಪ್ರಶ್ನೆಯಾಗಿತ್ತು.

ಆಯ್ದಕ್ಕಿ ಮಾರಯ್ಯನ ಕಾಯಕ, ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಅವನ ಮಡಿಲಲ್ಲಿ ದಿನಕ್ಕಿಂತ ಹೆಚ್ಚು ಅಕ್ಕಿ ಬಂತು. ಬಸವಣ್ಣ ಬೇಕೆಂದೇ ಹೆಚ್ಚು ಚೆಲ್ಲಿಸಿದ್ದನೆಂದು ಕಥೆ. ಲಕ್ಕಮ್ಮ ನೋಡಿದಳು, ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದಳು. ಆಸೆ ಅರಸರಿಗಿರಲಿ, ಭಕ್ತರಿಗೇಕೆ ಎಂಬುದು ಅವಳ ವಾದದ ಸಾರ. ಅಕ್ಕಿ ಕದ್ದದ್ದಲ್ಲ, ಕೆಲಸ ಕೆಟ್ಟದ್ದಲ್ಲ. ಆದರೂ ಅವಳು ತಡೆದಳು. ತೆಗೆದುಕೊಂಡದ್ದು ಬೇಕಾದಷ್ಟೇ ಇತ್ತೇ ಎಂಬುದು ಅವಳ ಪ್ರಶ್ನೆ.

ಅರಸರ ಆಸೆಯನ್ನು ಲಕ್ಕಮ್ಮ ಅರಸರಿಗೇ ಬಿಟ್ಟಳು. ಪ್ರಜಾರಾಜ್ಯದಲ್ಲಿ ಹಾಗೆ ಬಿಡಲು ಬರುವುದಿಲ್ಲ. ಇಲ್ಲಿ ಅರಸರು ನಾವೇ. ಕಾವಲನ್ನು ಅಳೆದು ಕೊಟ್ಟ ಕಡತದ ಮೇಲಿರುವುದು ನಮ್ಮ ಹೆಸರಿನ ಮುದ್ರೆ. ಓಡುದಾರಿಗೆ, ಅದರ ಸುತ್ತ ಸುರಕ್ಷತೆಗೆ ನೆಲ ಬೇಕು, ನಿಜ. ಎಷ್ಟು ಬೇಕು ಎಂಬ ಲೆಕ್ಕವನ್ನು ಕೇಳುವುದು ದೇಶದ್ರೋಹವಲ್ಲ. ಅದು ಕಾಯಕದ ಒಳಗಿನದೇ ಪ್ರಶ್ನೆ. ಆ ಲೆಕ್ಕವನ್ನು ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಒಳಗೆ ಕೆಲಸ ಮಾಡುವ ಎಂಜಿನಿಯರ್. ಅವನ ಧರ್ಮ ಅಲ್ಲಿಂದ ಶುರುವಾಗುತ್ತದೆ. ರಾಜೀನಾಮೆ ಕೊಟ್ಟು ಕೈ ತೊಳೆದುಕೊಂಡರೆ ಗೋಡೆಯೇನೂ ಸರಿಯುವುದಿಲ್ಲ.

ಕಾಯಕದ ಜೊತೆಗೆ ದಾಸೋಹವನ್ನೂ ಶರಣರು ಹೇಳಿದರು. ದುಡಿದದ್ದು ಸುತ್ತಲಿನವರಿಗೆ ಮರಳಬೇಕು. ಕುದಾಪುರದಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಕಣ್ಣೆದುರೇ ಇದೆ. ಭಾರತೀಯ ವಿಜ್ಞಾನ ಸಂಸ್ಥೆ ತನ್ನ ಆವರಣದಲ್ಲಿ ಪ್ರತಿಭಾ ಅಭಿವೃದ್ಧಿ ಕೇಂದ್ರ ನಡೆಸುತ್ತದೆ. ಪ್ರೌಢಶಾಲೆ, ಪದವಿಪೂರ್ವ ಕಾಲೇಜುಗಳ ಶಿಕ್ಷಕರು ಬಂದು ಉಳಿದು, ಪಠ್ಯದಲ್ಲಿ ಓದಿದ ಪ್ರಯೋಗಗಳನ್ನು ಕೈಯಾರೆ ಮಾಡಿ ಕಲಿಯುತ್ತಾರೆ. ಪ್ರಯೋಗಶಾಲೆಯೇ ಇಲ್ಲದ ಎಷ್ಟೋ ಹಳ್ಳಿಶಾಲೆಗಳಿಗೆ ಆ ಶಿಕ್ಷಕರ ಮೂಲಕ ವಿಜ್ಞಾನ ತಲುಪಿದೆ. ಇದು ಸಣ್ಣ ಕೆಲಸವಲ್ಲ. ಆದರೆ ಶಿಕ್ಷಕರಿಗೆ ಸಿಕ್ಕದ್ದು ಕಿಲಾರಿಗೆ ಸಿಗುವುದಿಲ್ಲ. ಕಳೆದುಕೊಂಡವನು ಯಾರೋ ಅವನಿಗೇ, ಕಳೆದುಕೊಂಡದ್ದು ಯಾವುದೋ ಅದೇ ರೂಪದಲ್ಲಿ ಮರಳಬೇಕೆಂಬುದು ನ್ಯಾಯ.

ಪಕ್ಕದ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳನ್ನು ಜನ ನೆನೆಯುವುದು ಕೆರೆ ಕಟ್ಟಿಸಿದವರೆಂದು. ಮಾಡಿದ ಕೆಲಸಕ್ಕೆ ತಕ್ಕಷ್ಟು ಭಿಕ್ಷೆ ಎಂಬುದು ಅವರ ನಡೆಯಾಗಿತ್ತು. ಹೊರಗಿನಿಂದ ಬಂದ ಅವಧೂತರೊಬ್ಬರು ಈ ಒಣ ಸೀಮೆಯಲ್ಲಿ ಊರಿನವರ ಜೊತೆ ನಿಂತು ಮಣ್ಣು ಹೊರಿಸಿದರು, ಕೂಲಿಯನ್ನು ನ್ಯಾಯವಾಗಿ ಅಳೆದರು, ನೀರು ನಿಲ್ಲಿಸಿದರು. ಫಾಲ್ಗುಣದ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ; ಪರೀಕ್ಷಾ ನೆಲೆಯ ನೌಕರರೂ ಬಾಳೆಹಣ್ಣು ಹಿಡಿದು ಆ ಜನದ ನಡುವೆ ನಿಲ್ಲಬಹುದು. ಬಂದ ಊರಿನಲ್ಲಿ ಇರುವುದು ಹೇಗೆ ಎಂಬುದಕ್ಕೆ ಮಾದರಿ ಅಲ್ಲೇ, ತೇರಿನ ಮೇಲೇ ಕೂತಿದೆ.

ಮಾಡಬಹುದಾದದ್ದು ಬೇಕಾದಷ್ಟಿದೆ. ಗೋಡೆಯ ಒಳಗೆ ಕಟ್ಟಡವೂ ಓಡುದಾರಿಯೂ ಇಲ್ಲದ ಕಡೆ ಮಳೆಗಾಲದಲ್ಲಿ ಹುಲ್ಲು ಬೆಳೆಯುತ್ತದೆ. ಅದನ್ನು ಕೊಯ್ದು ಗೇಟಿನ ಹೊರಗೆ ಕಿಲಾರಿಗಳಿಗೆ ಒಪ್ಪಿಸಿದರೆ ಯಾವ ರಹಸ್ಯವೂ ಹೊರಗೆ ಹೋಗುವುದಿಲ್ಲ. ಭದ್ರತೆಗೆ ತೊಡಕಿಲ್ಲದ ಅಂಚುಗಳನ್ನು, ಪರೀಕ್ಷೆಯಿಲ್ಲದ ತಿಂಗಳುಗಳಲ್ಲಿ, ಗುರುತಿನ ಚೀಟಿ ಕೊಟ್ಟು ಮೇವಿಗೆ ಬಿಡಬಹುದು. ಎಷ್ಟು ಎಕರೆ ಬಳಕೆಯಲ್ಲಿದೆ, ಎಷ್ಟು ಬಿದ್ದಿದೆ ಎಂಬುದನ್ನು ಸುತ್ತಲ ಪಂಚಾಯಿತಿಗಳ ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳಬಹುದು. ಇದಕ್ಕೆ ಮೊದಲ ಟಿಪ್ಪಣಿ ಬರೆಯಬೇಕಾದವರು ದೊಡ್ಡ ಅಧಿಕಾರಿಗಳೇ ಆಗಬೇಕೆಂದಿಲ್ಲ. ಹೊಸದಾಗಿ ಬದಲಿಯಾಗಿ ಬಂದ ಕಿರಿಯ ಎಂಜಿನಿಯರ್ ಒಬ್ಬ ಬರೆದರೂ ಕಡತ ಅಲ್ಲಿಂದ ಶುರುವಾಗುತ್ತದೆ.