ಎಳ್ಳು ಬೆಲ್ಲ, ಒಳ್ಳೆಯ ಮಾತು ಮತ್ತು ಒಂದು ಸೈಟೇಷನ್



ಎಳ್ಳು ಬೆಲ್ಲ ತಿಂದು ಒಳ್ಳೆಯ ಮಾತನಾಡಬೇಕೆಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಹೊರಗೆ ಮೊಣಕಾಲುದ್ದ ಹಿಮ ಬಿದ್ದಿದ್ದರೂ ಡಬ್ಬಿಯಲ್ಲಿ ಎಳ್ಳು ಬೀರುತ್ತಾ ನಾವು ಇಲ್ಲಿಯೂ ಆ ಮಾತನ್ನು ಬಿಟ್ಟಿಲ್ಲ. ಆದರೆ ಒಳ್ಳೆಯ ಮಾತೆಂದರೇನು, ಕೆಟ್ಟ ಮಾತು ಬಾಯಿಂದ ಬಂದುಬಿಟ್ಟರೆ ಮುಂದೇನು ಎಂಬ ಪ್ರಶ್ನೆ ಕಳೆದ ವರ್ಷ ನಮ್ಮ ಸತ್ಸಂಗದ ಬಾಗಿಲಿಗೇ ಬಂದು ನಿಂತಿತು. ಆ ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಮರೆಸಿ, ಅದನ್ನು ತಮ್ಮ ಮುಂದಿಡುತ್ತಿದ್ದೇವೆ.

ಆಗಸ್ಟ್ ತಿಂಗಳು. ಇಲ್ಲಿಯೇ ಪೆನ್ಸಿಲ್ವೇನಿಯಾದಲ್ಲಿ ಕಾಲೇಜು ಓದುತ್ತಿರುವ ಹುಡುಗನೊಬ್ಬ ತುಮಕೂರಿನಿಂದ ಬಂದಿದ್ದ ತನ್ನ ಅಜ್ಜಿಯನ್ನು ಕರೆದುಕೊಂಡು ತರಕಾರಿಗೆ ಹೋಗಿದ್ದ. ಅಂಗಡಿಯ ಪಾರ್ಕಿಂಗ್ ಜಾಗದಲ್ಲಿ ಒಂದು ಕಾರು ಹಿಂದೆ ಮುಂದೆ ನೋಡದೆ ರಿವರ್ಸ್ ಬಂದು ಅಜ್ಜಿಯ ಸೀರೆಯ ನೆರಿಗೆಗೆ ತಾಗುವಷ್ಟು ಹತ್ತಿರ ನಿಂತಿತು. ಹುಡುಗ ಆ ಚಾಲಕನಿಗೆ ಇಂಗ್ಲಿಷಿನಲ್ಲಿ ಒಂದು ಹೊಲಸು ಮಾತು ಕೂಗಿದ. ಚಾಲಕ ಹೊರಟುಹೋದ. ಅಲ್ಲಿಯೇ ನಿಂತಿದ್ದ ಪೊಲೀಸ್ ಅಧಿಕಾರಿಯು ಹುಡುಗನನ್ನು ಕರೆದು ಒಂದು ಸೈಟೇಷನ್ ಬರೆದು ಕೈಗಿತ್ತರು. ಸಾರ್ವಜನಿಕ ಸ್ಥಳದಲ್ಲಿ ಅಶ್ಲೀಲ ಭಾಷೆ, ಡಿಸಾರ್ಡರ್ಲಿ ಕಾಂಡಕ್ಟ್!

ತಂದೆ ತಾಯಿ ಆ ಕಾಗದ ಹಿಡಿದು ನಮ್ಮ ಬಳಿ ಬಂದರು. ನಾವು, ಅಂದರೆ ಸತ್ಸಂಗ ನಡೆಸುವ ನಾಲ್ಕೈದು ಜನ ಹಿರಿಯರು, ಏನು ಹೇಳಿದೆವು? "ಸುಮ್ಮನೆ ದುಡ್ಡು ಕಟ್ಟಿಬಿಡಿ. ಕೋರ್ಟು ಗೀರ್ಟು ನಮಗ್ಯಾಕೆ? ಪರದೇಶದಲ್ಲಿ ತಲೆ ತಗ್ಗಿಸಿಕೊಂಡು ಇರಬೇಕು" ಎಂದೆವು. ವಿವೇಕ ಹೇಳಿದೆವೆಂದು ನಾವು ಅಂದುಕೊಂಡೆವು. ಈಗ ಯೋಚಿಸಿದರೆ ನಾವು ಹೇಳಿದ್ದು ವಿವೇಕವಲ್ಲ, ಭಯ.

ಏಕೆಂದರೆ ಇಲ್ಲಿ ಸೈಟೇಷನ್ನಿಗೆ ದುಡ್ಡು ಕಟ್ಟುವುದೆಂದರೆ ಅಪರಾಧವನ್ನು ಒಪ್ಪಿಕೊಂಡಂತೆ. ಇದು ಪಾರ್ಕಿಂಗ್ ಟಿಕೆಟ್ಟಿನಂತಲ್ಲ. ಪೆನ್ಸಿಲ್ವೇನಿಯಾದ ಅಪರಾಧ ಸಂಹಿತೆಯ 5503ನೇ ಸೆಕ್ಷನ್ನಿನ ಕೆಳಗೆ ಬರುವ ಇಂಥ ಸಣ್ಣ ಆಪಾದನೆಗೂ ಗರಿಷ್ಠ 300 ಡಾಲರ್ ದಂಡ, 90 ದಿನಗಳ ಸೆರೆ ಇದೆ. ಸೆರೆಗೆ ಕಳಿಸುವುದು ಅಪರೂಪವಿರಬಹುದು, ಆದರೆ ದಾಖಲೆ ಉಳಿಯುತ್ತದೆ. ಆ ಹುಡುಗನಿಗಿರುವುದು ಗ್ರೀನ್ ಕಾರ್ಡ್. ನಾಳೆ ಪೌರತ್ವದ ಅರ್ಜಿಯಲ್ಲಿ ಎಂದಾದರೂ ಪೊಲೀಸರು ಬಂಧಿಸಿದ್ದಾರೆಯೇ, ಸೈಟೇಷನ್ ಕೊಟ್ಟಿದ್ದಾರೆಯೇ ಎಂಬ ಪ್ರಶ್ನೆ ಬಂದಾಗ ಗೆದ್ದರೂ ಸೋತರೂ ಅವನು ಹೌದೆಂದು ನಿಜವನ್ನೇ ಹೇಳಬೇಕು. ಆದರೆ "ಹೌದು, ವಜಾ ಆಯಿತು" ಎನ್ನುವುದಕ್ಕೂ "ಹೌದು, ತಪ್ಪೊಪ್ಪಿಕೊಂಡೆ" ಎನ್ನುವುದಕ್ಕೂ ಬಹಳ ಅಂತರವಿದೆ.

ಹುಡುಗ ನಮ್ಮ ಮಾತು ಕೇಳಲಿಲ್ಲ. "ನಾನು ಆ ಮಾತು ಆಡಿದ್ದು ನಿಜ. ಆದರೆ ಅದು ಅಪರಾಧವಲ್ಲ" ಎಂದ. ತಾಯಿಗೆ ಇದು ನುಂಗಲಾರದ ತುತ್ತಾಯಿತು. "ಆಡಿದ್ದು ನಿಜವಾದರೆ ನಾಟ್ ಗಿಲ್ಟಿ ಅಂತ ಹೇಳುವುದು ದೇವರ ಮುಂದೆ ಸುಳ್ಳಲ್ಲವೇ?" ಎಂದು ನಮ್ಮನ್ನೇ ಕೇಳಿದರು. ನಮ್ಮಲ್ಲಿ ಯಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ. ಬಂಧುಗಳೇ, ಅದನ್ನು ಹುಡುಕುತ್ತಾ ನಾವು ಮಹಾಭಾರತದ ಕರ್ಣಪರ್ವಕ್ಕೆ ಹೋದೆವು.

ಕರ್ಣನ ಬಾಣಗಳಿಂದ ನೊಂದ ಧರ್ಮರಾಯ ಶಿಬಿರದಲ್ಲಿ ಮಲಗಿದ್ದಾನೆ. ನೋಡಲು ಬಂದ ಅರ್ಜುನ ಕರ್ಣನನ್ನು ಕೊಂದೇ ಬಂದಿದ್ದಾನೆಂದು ಭಾವಿಸುತ್ತಾನೆ. ಇಲ್ಲವೆಂದು ತಿಳಿದಾಗ ನೋವು, ನಿರಾಸೆ ಎರಡೂ ಸೇರಿ, ಸಾಕ್ಷಾತ್ ಧರ್ಮಪುತ್ರನ ಬಾಯಿಂದಲೇ ಆಡಬಾರದ ಮಾತು ಬರುತ್ತದೆ. ನಿನ್ನ ಗಾಂಡೀವವನ್ನು ಬೇರೆಯವರಿಗೆ ಕೊಟ್ಟುಬಿಡು ಎನ್ನುತ್ತಾನೆ. ಹಾಗೆಂದವರ ತಲೆ ತೆಗೆಯುವೆನೆಂದು ಅರ್ಜುನನ ಗುಪ್ತ ಪ್ರತಿಜ್ಞೆ ಇತ್ತು. ನಿಯಮವೆಂದರೆ ನಿಯಮ ಎಂದು ಅವನು ಅಣ್ಣನ ಮೇಲೆ ಕತ್ತಿ ಹಿರಿದ!

ಆಗ ಭಗವಂತನು ಏನು ಮಾಡಿದ? ಅಣ್ಣನ ಮಾತು ಸರಿಯೆನ್ನಲಿಲ್ಲ. ಪ್ರತಿಜ್ಞೆಗೆ ಬೆಲೆಯಿಲ್ಲವೆಂದೂ ಅನ್ನಲಿಲ್ಲ. ನಿಯಮದ ಅಕ್ಷರವನ್ನು ಹಿಡಿದು ಅದರ ಉದ್ದೇಶವನ್ನೇ ಕೊಲ್ಲುವುದು ಧರ್ಮವಲ್ಲ, ಧರ್ಮದ ಗತಿ ಸೂಕ್ಷ್ಮ ಎಂದು ತಿಳಿಹೇಳಿದ. ಹಿರಿಯರನ್ನು ಏಕವಚನದಲ್ಲಿ ಹೀನಾಯವಾಗಿ ಮಾತನಾಡಿಸಿದರೆ ಅದೇ ಅವರಿಗೆ ಮರಣ ಸಮಾನ, ಅಷ್ಟರಿಂದಲೇ ಪ್ರತಿಜ್ಞೆ ತೀರುತ್ತದೆ ಎಂದ. ಅರ್ಜುನ ಹಾಗೆಯೇ ಮಾಡಿದ. ಮಾಡಿದ ಮೇಲೆ ನಾಚಿಕೆಯಿಂದ ತನ್ನನ್ನೇ ಕೊಂದುಕೊಳ್ಳಲು ಹೊರಟ. ಅದನ್ನೂ ಕೃಷ್ಣನೇ ತಡೆದ. ಕಡೆಗೆ ಅರ್ಜುನ ಅಣ್ಣನ ಕಾಲಿಗೆ ಬಿದ್ದ ಮೇಲೆಯೇ ಆ ಪ್ರಕರಣ ಮುಗಿಯಿತು.

ಇದರಲ್ಲಿ ಮೂರು ಪಾಠಗಳನ್ನು ನಾವು ಕಂಡೆವು. ಮೊದಲನೆಯದು, ಕೆಟ್ಟ ಮಾತು ಹಗುರವಾದದ್ದಲ್ಲ. ಬಾಣದ ಗಾಯ ಮಾಯುತ್ತದೆ, ಮಾತಿನ ಗಾಯ ಮಾಯುವುದಿಲ್ಲವೆಂದು ವಿದುರನೂ ಧೃತರಾಷ್ಟ್ರನಿಗೆ ತಿಳಿಹೇಳಿದ್ದಾನೆ. ಎರಡನೆಯದು, ತಪ್ಪು ಮಾತಿಗೆಲ್ಲ ಕತ್ತಿಯೇ ಉತ್ತರವಲ್ಲ. ದೋಷಕ್ಕೂ ದಂಡಕ್ಕೂ ಒಂದು ಅಳತೆ ಇರಬೇಕು. ಮೂರನೆಯದು, ಕತ್ತಿಯಿಂದ ಪಾರಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕಾಲಿಗೆ ಬೀಳುವುದು ಬಾಕಿ ಇರುತ್ತದೆ.

ಈ ದೇಶದ ನ್ಯಾಯಾಲಯಗಳು ಬೇರೆ ದಾರಿಯಲ್ಲಿ ನಡೆದು ಎರಡನೆಯ ಪಾಠದ ಹತ್ತಿರಕ್ಕೇ ಬಂದಿವೆ. ಎದುರಿಗಿರುವವನನ್ನು ಆ ಕ್ಷಣವೇ ಹೊಡೆದಾಟಕ್ಕೆ ಎಳೆಯುವಂಥ ಮಾತಿಗೆ ರಕ್ಷಣೆ ಇಲ್ಲವೆಂದು 1942ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಲಾಸ್ ಏಂಜಲೀಸಿನ ನ್ಯಾಯಾಲಯದ ಕಟ್ಟಡದಲ್ಲಿ ಹೊಲಸು ಪದ ಬರೆದ ಜಾಕೆಟ್ ತೊಟ್ಟು ಓಡಾಡಿದ ಯುವಕನೊಬ್ಬನಿಗೆ ವಿಧಿಸಿದ್ದ 30 ದಿನಗಳ ಸೆರೆಯನ್ನು ಅದೇ ಸುಪ್ರೀಂ ಕೋರ್ಟ್ 1971ರಲ್ಲಿ ರದ್ದು ಮಾಡಿತು. ನಮ್ಮ ರಾಜ್ಯದ ಸುಪೀರಿಯರ್ ಕೋರ್ಟ್ 2000ದಲ್ಲಿ ಕೊಟ್ಟ ತೀರ್ಪಿನ ಪ್ರಕಾರ, ಸಿಟ್ಟಿನಲ್ಲಿ ಆಡಿದ ಬೈಗುಳ ಅಸಭ್ಯವಾಗಿರಬಹುದು, ಆದರೆ ಕಾಮಪ್ರಚೋದಕವಲ್ಲದ ಕಾರಣ ಕಾನೂನಿನ ಅರ್ಥದಲ್ಲಿ ಅಶ್ಲೀಲವಾಗುವುದಿಲ್ಲ. 2007ರಲ್ಲಿ ಸ್ಕ್ರಾಂಟನ್ ಊರಿನ ಮಹಿಳೆಯೊಬ್ಬರಿಗೆ ತಮ್ಮ ಮನೆಯೊಳಗೆ ಉಕ್ಕಿ ಹರಿದ ಶೌಚಾಲಯವನ್ನು ಬೈದದ್ದಕ್ಕೆ ಇಂಥದೇ ಸೈಟೇಷನ್ ಬಂದಿತ್ತು! ಅವರು ಹೋರಾಡಿದರು, ನಿರ್ದೋಷಿಯೆಂದು ತೀರ್ಪಾಯಿತು. 2011ರಲ್ಲಿ ರಾಜ್ಯ ಪೊಲೀಸ್ ಇಲಾಖೆಯು ಬರೀ ಬೈಗುಳಕ್ಕಾಗಿ ಸೈಟೇಷನ್ ಕೊಡುವುದನ್ನು ನಿಲ್ಲಿಸುವುದಾಗಿ ಒಪ್ಪಂದಕ್ಕೆ ಬಂತು. ಊರೂರಿನ ಪೊಲೀಸರ ಮಾತು ಬೇರೆ.

ಹಾಗಾದರೆ ತಾಯಿಯ ಪ್ರಶ್ನೆಗೆ ಉತ್ತರವೇನು? ಇಲ್ಲಿನ ನ್ಯಾಯಾಲಯದಲ್ಲಿ "ನಾಟ್ ಗಿಲ್ಟಿ" ಎಂದರೆ "ನಾನು ಅನ್ನಲಿಲ್ಲ" ಎಂದು ಅರ್ಥವಲ್ಲ. "ಈ ಸೆಕ್ಷನ್ ನನಗೆ ಅನ್ವಯಿಸುತ್ತದೆಂದು ನೀವು ಸಾಬೀತು ಮಾಡಿ" ಎಂದು ಅರ್ಥ. ಆಡಿದ ಮಾತನ್ನು ಆಡಲಿಲ್ಲವೆಂದರೆ ಅದು ಅಸತ್ಯ. ಆಗದ ಅಪರಾಧವನ್ನು ಭಯದಿಂದ ಆಯಿತೆಂದು ಒಪ್ಪಿಕೊಂಡರೆ ಅದೂ ಅಸತ್ಯವೇ. ನಾವು ಕೊಟ್ಟಿದ್ದ ಬುದ್ಧಿವಾದ ಈ ಎರಡನೆಯ ಜಾತಿಯದು.

ಸೈಟೇಷನ್ ಕೈಸೇರಿದ 10 ದಿನಗಳೊಳಗೆ ತಪ್ಪೊಪ್ಪಿಗೆಯೋ ನಿರಾಕರಣೆಯೋ ತಿಳಿಸಬೇಕು. ಹುಡುಗ ಗಡುವಿನೊಳಗೆ ನಿರಾಕರಣೆ ಸಲ್ಲಿಸಿದ. ವಕೀಲರ ಫೀಸು ದಂಡಕ್ಕಿಂತ ಹೆಚ್ಚಾಯಿತು. ಅಕ್ಟೋಬರಿನಲ್ಲಿ ಮ್ಯಾಜಿಸ್ಟೀರಿಯಲ್ ಡಿಸ್ಟ್ರಿಕ್ಟ್ ಜಡ್ಜ್ ಮುಂದೆ ವಿಚಾರಣೆ. ಜ್ಯೂರಿ ಇಲ್ಲ, ಸಣ್ಣ ಕೋಣೆ. ಅಲ್ಲಿ ಸೋತರೂ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಿದರೆ ಮೇಲಿನ ಕೋರ್ಟಿನಲ್ಲಿ ಹೊಸದಾಗಿ ವಿಚಾರಣೆ ನಡೆಯುತ್ತದೆ. ಅಜ್ಜಿಯೂ ಶಾಲು ಹೊದ್ದು ಬಂದು ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಕೇಳಿದಾಗ ಹುಡುಗ, "ಆ ಮಾತು ಆಡಿದೆ. ನನ್ನ ಅಜ್ಜಿಯ ಮುಂದೆ ಆಡಿದ್ದಕ್ಕೆ ನಾಚಿಕೆಯಿದೆ" ಎಂದ. ಅಧಿಕಾರಿಯೂ ಇದ್ದುದನ್ನು ಇದ್ದ ಹಾಗೆ ಹೇಳಿದರು. ವಕೀಲರು 2000ದ ತೀರ್ಪನ್ನು ಮುಂದಿಟ್ಟರು. ಪ್ರಕರಣ ವಜಾ ಆಯಿತು. ಕಾಲು ಗಂಟೆಯೂ ಹಿಡಿಯಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಇದು ಕೋರ್ಟಿನ ವರದಿಯಾದೀತು. ನಮ್ಮ ಮನಸ್ಸನ್ನು ಕಲಕಿದ್ದು ಸೈಟೇಷನ್ ಬಂದ ರಾತ್ರಿ ಅವರ ಮನೆಯಲ್ಲಿ ನಡೆದದ್ದು. ಅಜ್ಜಿಗೆ ಇಂಗ್ಲಿಷ್ ಬಾರದು. "ನೀನು ಅಂದದ್ದೇನಪ್ಪಾ? ಕನ್ನಡದಲ್ಲಿ ಹೇಳು" ಎಂದು ಮೊಮ್ಮಗನನ್ನು ಕೇಳಿದರಂತೆ. ಹುಡುಗ ತಲೆ ತಗ್ಗಿಸಿದ. ಹೇಳಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ತಂದೆ ಸಿಟ್ಟಿನಿಂದ ಮಗನನ್ನು ಬೈದರು. ಹುಟ್ಟಿದ್ದೇ ದಂಡ ಎಂಬಲ್ಲಿಂದ ಹಿಡಿದು, ಬರೆಯಬಾರದ ಮಾತುಗಳವರೆಗೂ ಬೈದರು. ಎಲ್ಲವೂ ಅಚ್ಚ ಕನ್ನಡದಲ್ಲಿ. ಮುಗಿದ ಮೇಲೆ ಅಜ್ಜಿ ಮಗನಿಗೆ ಹೇಳಿದರಂತೆ: "ಅವನು ಅಂದದ್ದು ನನಗೆ ಅರ್ಥವಾಗಲಿಲ್ಲ. ನೀನು ಅಂದದ್ದು ಪೂರ್ತಿ ಅರ್ಥವಾಯಿತು."

ಇದನ್ನು ತಂದೆಯೇ ನಮ್ಮೆದುರು ಹೇಳಿ ಕಣ್ಣೀರಿಟ್ಟರು. ಮನೆಯೊಳಗೆ ಕನ್ನಡದಲ್ಲಿ ಬೈದರೆ ಯಾವ ಪೊಲೀಸರೂ ಸೈಟೇಷನ್ ಬರೆಯುವುದಿಲ್ಲ. ಆದರೆ ಒಳಗೆ ಕೂತ ಅಂತರ್ಯಾಮಿಗೆ ಎಲ್ಲ ಭಾಷೆಯೂ ಬರುತ್ತದೆ, ಬಂಧುಗಳೇ!

ಇನ್ನು ನಮ್ಮ ಪಾಲು. ಆ ವಾರ ಪ್ರಸಾದದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತ ನಾವು "ಅವರ ಮಗನ ಮೇಲೆ ಪೊಲೀಸ್ ಕೇಸಂತೆ" ಎಂದು ಪಿಸುಗುಟ್ಟಿದೆವು. ಒಬ್ಬರಿಂದ ಒಬ್ಬರಿಗೆ ಹೋಗುತ್ತಾ ಅದು ಹೊಡೆದಾಟವಾಯಿತು, ಆಮೇಲೆ ಜೈಲಾಯಿತು. ಮೂರು ವಾರ ಆ ಕುಟುಂಬ ದೇವಸ್ಥಾನಕ್ಕೆ ಬರಲಿಲ್ಲ. ಹುಡುಗನ ಒಂದು ಮಾತು ಗಾಳಿಗೆ ಹೋಗಿತ್ತು. ನಮ್ಮ ಮಾತುಗಳು ಒಂದು ಮನೆಯ ಬಾಗಿಲನ್ನೇ ಮುಚ್ಚಿಸಿದವು. ನಮ್ಮದರಲ್ಲಿ ಒಂದೂ ಹೊಲಸು ಪದವಿರಲಿಲ್ಲ ಎಂಬುದು ನಿಜ.

ಗೀತೆಯ ಹದಿನೇಳನೆಯ ಅಧ್ಯಾಯದಲ್ಲಿ ಭಗವಂತನು ದೇಹ, ಮಾತು, ಮನಸ್ಸು ಎಂದು ತಪಸ್ಸನ್ನು ಮೂರಾಗಿ ಹೇಳುತ್ತಾನೆ. ಮಾತಿನ ತಪಸ್ಸಿಗೆ ಅವನು ಇಡುವ ಮೊದಲ ಲಕ್ಷಣವೇ ಇನ್ನೊಬ್ಬರ ಮನಸ್ಸನ್ನು ಕದಡದಿರುವುದು. ಜೊತೆಗೆ ಸತ್ಯವೂ ಇರಬೇಕು, ಪ್ರಿಯವೂ ಹಿತವೂ ಆಗಿರಬೇಕು. ಈ ತಕ್ಕಡಿಯಲ್ಲಿ ತೂಗಿದರೆ ಹುಡುಗನ ಬೈಗುಳವೂ ನಿಲ್ಲದು, ತಂದೆಯ ಗದರಿಕೆಯೂ ನಿಲ್ಲದು, ನಮ್ಮ ಪಿಸುಮಾತಂತೂ ನಿಲ್ಲುವುದೇ ಇಲ್ಲ. ಕಾನೂನಿನ ತಕ್ಕಡಿ ಬೇರೆ, ಅದು ಒರಟಾಗಿರಬೇಕು. ಅಷ್ಟು ಸೂಕ್ಷ್ಮವಾದ ತೂಕವನ್ನು ಪೊಲೀಸರ ಕೈಗೆ ಕೊಡಬಾರದು. ಅದನ್ನು ನಮ್ಮ ಕೈಯಲ್ಲೇ ಇಟ್ಟುಕೊಳ್ಳಬೇಕು. ಕೋರ್ಟು ಬಿಟ್ಟುಬಿಟ್ಟಿತೆಂದು ಮನಸ್ಸಾಕ್ಷಿ ಬಿಟ್ಟುಕೊಡಬಾರದು. ಮನಸ್ಸಾಕ್ಷಿ ಚುಚ್ಚಿತೆಂದು ಕೋರ್ಟಿನಲ್ಲಿ ಇಲ್ಲದ ತಪ್ಪು ಒಪ್ಪಿಕೊಳ್ಳಲೂ ಬಾರದು.

ತಮ್ಮ ಮನೆಗೂ ಇಂಥ ಕಾಗದ ಬಂದರೆ ಗಾಬರಿಯಾಗಿ ದುಡ್ಡು ಕಟ್ಟಬೇಡಿ, ಬಚ್ಚಿಡಲೂ ಬೇಡಿ. ದಿನಾಂಕ ನೋಡಿ, ವಕೀಲರನ್ನು ಕೇಳಿ. ವೀಸಾ, ಗ್ರೀನ್ ಕಾರ್ಡ್ ಇರುವವರು ವಲಸೆ ಕಾನೂನು ಬಲ್ಲವರನ್ನೂ ಕೇಳಿ. ಬೆದರಿಕೆ, ಹೊಡೆದಾಟ, ನಡುರಾತ್ರಿಯ ಗಲಾಟೆ ಇವುಗಳ ಲೆಕ್ಕವೇ ಬೇರೆ. ಹೋರಾಡಬಹುದೆಂದ ಮಾತ್ರಕ್ಕೆ ಬೈಯಬಹುದೆಂದು ಮಕ್ಕಳಿಗೆ ಅರ್ಥವಾಗದಿರಲಿ. ಅವರಿಗೆ ಅಜ್ಜಿಯ ಪರೀಕ್ಷೆಯನ್ನೇ ಕಲಿಸೋಣ. ಯಾವ ಮಾತನ್ನು ಅಜ್ಜಿಗೆ ಕನ್ನಡದಲ್ಲಿ ಬಿಡಿಸಿ ಹೇಳಲಾಗದೋ ಆ ಮಾತನ್ನು ಯಾವ ಭಾಷೆಯಲ್ಲೂ ಆಡುವುದು ಬೇಡ. ಈ ಪರೀಕ್ಷೆಗೆ ದೊಡ್ಡವರೂ ಕೂರೋಣ.

ವಿಚಾರಣೆ ಮುಗಿದ ಭಾನುವಾರ ಆ ಕುಟುಂಬ ದೇವಸ್ಥಾನಕ್ಕೆ ಬಂತು. ತಂದೆ ಎಲ್ಲರೆದುರು ಮಗನ ಹೆಗಲ ಮೇಲೆ ಕೈಯಿಟ್ಟು ನಿಂತರು. ಮಗ ಅಜ್ಜಿಯ ಕಾಲಿಗೆ ನಮಸ್ಕರಿಸಿದ. ನಾವು ಹಿರಿಯರು ಹೋಗಿ ಅವರ ಕ್ಷಮೆ ಕೇಳಿದೆವು. ಕೇಳಿದ್ದು ತಡವಾಗಿತ್ತು. ಈ ಪುಟದ ಮೂಲಕ ಇನ್ನೊಮ್ಮೆ ಕೇಳುತ್ತಿದ್ದೇವೆ. ಅಜ್ಜಿ ನವೆಂಬರಿನಲ್ಲಿ ಊರಿಗೆ ಮರಳಿದರು. ಹೊರಡುವ ಮುನ್ನ ಈ ವರ್ಷದ ಎಳ್ಳಿಗೆಂದು ಕೊಬ್ಬರಿ, ಬೆಲ್ಲ ಹೆಚ್ಚಿ ಒಣಗಿಸಿ ಡಬ್ಬಿ ತುಂಬಿಟ್ಟು ಹೋಗಿದ್ದಾರೆ. ಈ ಬಾರಿ ಸಂಕ್ರಾಂತಿಯಂದು ದೇವಸ್ಥಾನದಲ್ಲಿ ಹಂಚುವ ಎಳ್ಳು ಅದೇ. ಬಂದು ಸ್ವೀಕರಿಸಿ. ತಿಂದ ಮೇಲೆ ಆಡುವ ಮೊದಲ ಮಾತನ್ನು ಒಂದು ಕ್ಷಣ ನಿಂತು, ನೋಡಿ, ಆಡೋಣ.

ಶುಭವಾಗಲಿ. ಶ್ರೀಕೃಷ್ಣಾರ್ಪಣಮಸ್ತು.