ಜೀವದಯೆಗೂ ಅಳತೆ ಬೇಕು

ಅಹಿಂಸೆಯೇ ಪರಮ ಧರ್ಮವೆಂದು ನಂಬಿದ ಜೈನ ಸಮಾಜವು ತಲೆತಲಾಂತರದಿಂದ ಪಾಂಜರಪೋಳಗಳನ್ನು ನಡೆಸಿಕೊಂಡು ಬಂದಿದೆ. ಮುದಿ ಹಸು, ಕುಂಟ ಎತ್ತು, ತಾಯಿಯನ್ನಗಲಿದ ಕರು ಇವುಗಳಿಗೆ ಆಶ್ರಯ ನೀಡುವುದು ಪುಣ್ಯಕಾರ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ದಯೆಯೊಂದಿದ್ದರೆ ಸಾಕೇ, ಅದಕ್ಕೆ ಅಳತೆಯೂ ಬೇಕೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ನೀಲಗಿರಿಯ ಉದಕಮಂಡಲದ ಕಡೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಹುಲ್ಲಿನ ಮೇಲಿನ ಇಬ್ಬನಿಯೂ ಹೆಪ್ಪುಗಟ್ಟುವುದುಂಟು. ಅಂತಹ ಚಳಿಯಲ್ಲಿ ಎಳೆಗರುವಿಗೆ ಮೊದಲು ಬೇಕಾದುದು ಒಣ ಹಾಸು. ಅದು ಸಾಲದಾದಾಗ ವಿದ್ಯುತ್ ಹೀಟರ್. 1000 ವ್ಯಾಟಿನ ಹೀಟರ್ 10 ಗಂಟೆ ಎಡೆಬಿಡದೆ ಉರಿದರೆ 10 ಯೂನಿಟ್ ವ್ಯಯವಾಗುತ್ತದೆ. ಖರ್ಚಿಗೆ ಅಂಜಿ ನಡುರಾತ್ರಿ ಆರಿಸಿದರೆ ಬೆಳಗಿನ ಜಾವದ ಕಡುಚಳಿ ಕರುವಿನ ಪಾಲಾಗುತ್ತದೆ. ಆರಿಸದೆ ಬಿಟ್ಟರೆ ಅತಿಯಾದ ಸೆಕೆ, ಒಣಹುಲ್ಲಿಗೆ ಬೆಂಕಿ ತಗಲುವ ಭಯ.

ಈ ಎರಡು ಅತಿಗಳ ನಡುವಿನ ದಾರಿಯೇ ಥರ್ಮೋಸ್ಟಾಟ್. 15 ಡಿಗ್ರಿಗಿಂತ ಕೆಳಗಿಳಿದರೆ ಹೀಟರನ್ನು ಹೊತ್ತಿಸಿ, 18 ಡಿಗ್ರಿ ಮುಟ್ಟಿದೊಡನೆ ಆರಿಸುವಂತೆ ಅದನ್ನು ಹೊಂದಿಸಬಹುದು. ರಾತ್ರಿಯಲ್ಲಿ ಒಟ್ಟು 4 ಗಂಟೆ ಮಾತ್ರ ಉರಿದರೆ 4 ಯೂನಿಟ್ ಸಾಕು. ಸಾಧಾರಣ ಉಪಕರಣವು ಕೆಲವು ನೂರು ರೂಪಾಯಿಗೆ ದೊರೆಯುತ್ತದೆ. ಆದರೆ ಅದರೊಳಗಿನ ಪುಟ್ಟ ರಿಲೇ ದೊಡ್ಡ ಹೀಟರಿನ ಭಾರವನ್ನು ತಾಳಲಾರದು. ಆದ್ದರಿಂದ ನುರಿತ ಎಲೆಕ್ಟ್ರಿಷಿಯನ್‌ನಿಂದ ಕಾಂಟ್ಯಾಕ್ಟರ್, ಅರ್ಥಿಂಗ್ ಹಾಗೂ ಮೊದಲನೆಯದು ಕೆಟ್ಟರೂ ಹೀಟರನ್ನು ಆರಿಸಬಲ್ಲ ಎರಡನೆಯ ಥರ್ಮೋಸ್ಟಾಟ್ ಅಳವಡಿಸುವುದು ಅವಶ್ಯ. ಇಲ್ಲಿ ಉಳಿತಾಯ ಮಾಡುವುದು ಉಳಿತಾಯವಲ್ಲ.

ಇನ್ನೊಂದು ಸೂಕ್ಷ್ಮವಿದೆ. ಬಿಸಿ ಗಾಳಿ ಮೇಲೇರುತ್ತದೆ. ಶಾಖವನ್ನು ಅಳೆಯುವ ಸೆನ್ಸರನ್ನು ಮನುಷ್ಯನ ತಲೆಯ ಮಟ್ಟಕ್ಕೆ ಕಟ್ಟಿದರೆ ಕೊಟ್ಟಿಗೆ ಬೆಚ್ಚಗಿದೆಯೆಂದೇ ಅದು ತಿಳಿಸೀತು. ನೆಲದ ಮೇಲೆ ಮಲಗಿದ ಕರು ಮಾತ್ರ ನಡುಗುತ್ತಲೇ ಇದ್ದೀತು. ಆದುದರಿಂದ ಅದು ಕರು ಮಲಗುವ ಎತ್ತರದಲ್ಲಿ, ಅದರ ಬಾಯಿಗೆ ಸಿಗದಂತೆ, ಹೀಟರಿನ ನೇರ ಝಳ ತಾಗದಂತೆ ಇರಬೇಕು. ದಾನಕ್ಕೂ ಇದೇ ನ್ಯಾಯ. ದಾನಿಯ ಎತ್ತರದಲ್ಲಿ ನಿಂತು ಅಳೆದ ದಯೆ ದಾನಿಗೆ ಸಮಾಧಾನ ನೀಡೀತು. ಪಡೆಯುವ ಜೀವಿಗೆ ತಲುಪಿತೇ ಎಂಬುದು ಆ ಜೀವಿಯ ಮಟ್ಟಕ್ಕೆ ಇಳಿದು ನೋಡಿದಾಗಲೇ ತಿಳಿಯುತ್ತದೆ.

ಯಂತ್ರಕ್ಕೆ ಒಪ್ಪಿಸಿದ ಮೇಲೆ ಮನುಷ್ಯನ ಕರ್ತವ್ಯ ಮುಗಿಯಿತೇ? ಇಲ್ಲ. ಯಂತ್ರವು ಗಾಳಿಯ ಶಾಖವನ್ನಷ್ಟೇ ಬಲ್ಲದು. ಕರುವಿನ ಕೆಮ್ಮು, ಒದ್ದೆಯಾದ ಹಾಸು, ಕಿಟಕಿಗಳನ್ನೆಲ್ಲ ಮುಚ್ಚಿದ್ದರಿಂದ ಕಟ್ಟಿದ ಗಂಜಲದ ಘಾಟು ಇವನ್ನು ಕಾಣಬೇಕಾದವನು ಕಾವಲುಗಾರನೇ. ತತ್ತ್ವಾರ್ಥಸೂತ್ರವು ಹಿಂಸೆಯ ಮೂಲವನ್ನು ಪ್ರಮಾದದಲ್ಲಿ ಗುರುತಿಸುತ್ತದೆ. ಬೆಂಕಿಯಂತಹ ವಸ್ತುವನ್ನು ದಯೆಯ ಹೆಸರಿನಲ್ಲಿ ಬಳಸಿ ನಿರ್ಲಕ್ಷಿಸುವುದೂ ಪ್ರಮಾದವೇ ಸರಿ. ದೊಡ್ಡ ಹೀಟರ್ ಕೊಟ್ಟ ದಾನಿಯ ಹೆಸರು ಫಲಕದ ಮೇಲೆ ಬರುತ್ತದೆ. ರಾತ್ರಿ ಎರಡು ಬಾರಿ ಎದ್ದು ಕರುವಿನ ಕಿವಿ ಮುಟ್ಟಿ ನೋಡಿದವನ ಹೆಸರು ಬರುವುದಿಲ್ಲ. ಪುಣ್ಯದ ಲೆಕ್ಕದಲ್ಲಿ ಇಬ್ಬರೂ ಸಮಾನ ಭಾಗಿಗಳು.

ಸರ್ವ ಜೀವಿಗಳಿಗೂ ಸುಖವುಂಟಾಗಲಿ.